ನಿಂಬೆಹಣ್ಣನ್ನು ಕೊನೆಗೆ ಹಿಂಡಿ

ಮಾರ್ಚ್ ಬಂತೆಂದರೆ ನನ್ನ ಫೋನಿಗೆ ಒಂದೇ ದೂರು. "ಮೇಡಂ, ದ್ರಾಕ್ಷಿ ಹಾಕಿ ನಿಂಬೆ ಶರಬತ್ತು ಮಾಡಿದ್ದೆ. ಬೆಳಿಗ್ಗೆ ಚೆನ್ನಾಗಿತ್ತು, ಸಂಜೆಗೆ ಕಹಿ. ಎಷ್ಟು ಸಕ್ಕರೆ ಹಾಕಿದ್ರೂ ಹೋಗ್ತಾ ಇಲ್ಲ." ದ್ರಾಕ್ಷಿ ಬದಲು ಕಲ್ಲಂಗಡಿ ಇರಬಹುದು, ಅನಾನಸ್ ಇರಬಹುದು. ದೂರು ಮಾತ್ರ ಅದೇ. ಹಣ್ಣಿನ ಪಾನೀಯ, ಸ್ಕ್ವಾಶ್, ಜಾಮ್ ಮಾಡುವುದನ್ನು ಮನೆಯವರಿಗೆ, ಸಂಘದ ಹೆಣ್ಣುಮಕ್ಕಳಿಗೆ ಹೇಳಿಕೊಡುವುದು ನನ್ನ ಕೆಲಸ. ನಿಂಬೆಹಣ್ಣನ್ನು ಕೊನೆಗೆ ಹಿಂಡಿ ಎಂದು ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ. ಎಲ್ಲರೂ ಬರೆದುಕೊಳ್ಳುತ್ತಾರೆ. ಮನೆಗೆ ಹೋಗಿ ನಿಂಬೆಹಣ್ಣನ್ನೇ ಮೊದಲು ಹಿಂಡಿ ಇಡುತ್ತಾರೆ!

ಈ ಕಹಿ ಎಲ್ಲಿಂದ ಬರುತ್ತದೆ ಎಂದು ಗೊತ್ತಾದರೆ ಮತ್ತೆ ಈ ತಪ್ಪು ಮಾಡುವುದಿಲ್ಲ. ಅದಕ್ಕೇ ಸ್ವಲ್ಪ ಎಳೆದು ಹೇಳುತ್ತೇನೆ.

ನಿಂಬೆಯ ಬೀಜದಲ್ಲಿ, ತೊಳೆಯ ಸುತ್ತಲಿನ ಬಿಳಿ ಪೊರೆಯಲ್ಲಿ ಒಂದು ವಸ್ತು ಇರುತ್ತದೆ. ಹಣ್ಣು ಇಡಿಯಾಗಿದ್ದಾಗ ಅದಕ್ಕೆ ರುಚಿಯೇ ಇಲ್ಲ. ನಾವು ಹಣ್ಣನ್ನು ಕತ್ತರಿಸಿ ಹಿಂಡಿದಾಗ ಅದು ಹುಳಿ ರಸಕ್ಕೆ ಸೇರುತ್ತದೆ. ಆ ಹುಳಿಯಲ್ಲೇ ನಿಧಾನವಾಗಿ ಲಿಮೋನಿನ್ ಎಂಬ ಕಹಿ ವಸ್ತುವಾಗಿ ಬದಲಾಗುತ್ತದೆ. ಈ ನಿಧಾನವೇ ಎಲ್ಲರನ್ನೂ ದಾರಿ ತಪ್ಪಿಸುವುದು. ಹಿಂಡಿದ ತಕ್ಷಣ ರುಚಿ ನೋಡಿದರೆ ಕಹಿ ಗೊತ್ತಾಗುವುದಿಲ್ಲ. ಕೆಲವು ಗಂಟೆ ಬಿಟ್ಟರೆ ಏರುತ್ತದೆ. ಬಿಸಿ ಮಾಡಿದರೆ ಇನ್ನೂ ಬೇಗ ಏರುತ್ತದೆ. ಲಿಮೋನಿನ್ ಬಹಳ ಕಡಿಮೆ ಇದ್ದರೂ ನಾಲಿಗೆಗೆ ಸಿಗುತ್ತದೆ. ಒಮ್ಮೆ ಬಂದ ಮೇಲೆ ಮನೆಯಲ್ಲಿ ಅದನ್ನು ತೆಗೆಯುವ ದಾರಿ ಇಲ್ಲ. ಸಕ್ಕರೆ ಅದನ್ನು ಸ್ವಲ್ಪ ಮರೆಸುತ್ತದೆ, ಅಷ್ಟೇ. ಮರೆಸಲು ಹೋಗಿ ಒಂದು ಲೋಟಕ್ಕೆ ನಾಲ್ಕೈದು ಚಮಚ ಸಕ್ಕರೆ ಸುರಿಯುವವರನ್ನು ನೋಡಿದ್ದೇನೆ. ಮಕ್ಕಳಿಗೆ ಕೊಡುವ ಲೋಟ ಅದು.

ಈಚೆಗೆ ಮಿಕ್ಸಿಯ ಕಾಟ ಜಾಸ್ತಿಯಾಗಿದೆ. ಇಡೀ ನಿಂಬೆಹಣ್ಣನ್ನು ಸಿಪ್ಪೆ, ಬೀಜದ ಸಮೇತ ರುಬ್ಬುವ ವಿಡಿಯೋ ಎಲ್ಲರೂ ನೋಡಿದ್ದಾರೆ. ಬ್ರೆಜಿಲ್‌ನವರು ಹಾಗೆ ಮಾಡುವುದು ನಿಜ. ಆದರೆ ಅವರು ಬಳಸುವ ಟಹೀಟಿ ನಿಂಬೆಯಲ್ಲಿ ಬೀಜ ಇರುವುದೇ ಅಪರೂಪ. ಅರೆಕ್ಷಣ ತಿರುಗಿಸಿ, ಸೋಸಿ, ಆಗಲೇ ಕುಡಿದು ಮುಗಿಸುತ್ತಾರೆ. ವಿಜಯಪುರದ ಇಂಡಿ ಕಡೆಯಿಂದ ಬರುವ ನಮ್ಮ ಕಾಗ್ಜಿ ನಿಂಬೆ ಬೇರೆ ಜಾತಿ. ತೆಳು ಸಿಪ್ಪೆ, ಒಳ್ಳೆಯ ಘಮ, ಬೇಕಾದಷ್ಟು ರಸ, ಜೊತೆಗೆ ಬೀಜವೂ ಬೇಕಾದಷ್ಟು. ಕಹಿಯ ಮೂಲ ಎಲ್ಲಕ್ಕಿಂತ ಜಾಸ್ತಿ ಇರುವುದು ಬೀಜದಲ್ಲೇ. ಅದನ್ನು ರುಬ್ಬಿ ಫ್ರಿಜ್ಜಿನಲ್ಲಿಟ್ಟರೆ ಇನ್ನೇನಾಗಬೇಕು?

ತುಮಕೂರು ಕಡೆಯ ಒಬ್ಬ ಹೆಣ್ಣುಮಗಳು ಜಾತ್ರೆಯಲ್ಲಿ ಶರಬತ್ತಿನ ಅಂಗಡಿ ಇಟ್ಟಿದ್ದಳು. ಜನ ಜಾಸ್ತಿ ಬರುತ್ತಾರೆ, ಇರುವುದು ಒಬ್ಬಳೇ, ಅದಕ್ಕೆ ರಾತ್ರಿಯೇ ನಿಂಬೆರಸ ಹಿಂಡಿ ಕೊಡದಲ್ಲಿ ತುಂಬಿಟ್ಟಿದ್ದಳು. ಅವಳು ಯೋಚಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸೋಮಾರಿತನವಂತೂ ಅಲ್ಲವೇ ಅಲ್ಲ. ಮಧ್ಯಾಹ್ನದ ಹೊತ್ತಿಗೆ ಗಿರಾಕಿಗಳು ಮುಖ ಸಿಂಡರಿಸತೊಡಗಿದರು. ಹಣ್ಣು ಕೊಟ್ಟ ಮಂಡಿಯವನು ಮೋಸ ಮಾಡಿದ ಎಂದು ಅವಳು ನನ್ನ ಹತ್ತಿರ ಅತ್ತಳು. ಹಣ್ಣು ಸರಿಯಾಗಿಯೇ ಇತ್ತು. ಕೆಲಸದ ಹಿಂದುಮುಂದು ಬದಲಿಸಿಕೊಂಡರೆ ಸಾಕಿತ್ತು. ಹಣ್ಣಿನ ಪಾಕವನ್ನು ಹಿಂದಿನ ದಿನ ಮಾಡಿಡಬಹುದು, ಅದರಿಂದ ಏನೂ ತೊಂದರೆಯಿಲ್ಲ. ನಿಂಬೆರಸ ಮಾತ್ರ ಒಂದೆರಡು ಗಂಟೆಗೆ ಬೇಕಾದಷ್ಟು ಹಿಂಡಿ, ಆಗಲೇ ಬೀಜ ಸೋಸಿ ಇಟ್ಟುಕೊಳ್ಳಬೇಕು. ಈಗ ಹಾಗೇ ಮಾಡುತ್ತಾಳೆ, ವ್ಯಾಪಾರವೂ ಚೆನ್ನಾಗಿದೆ.

ರಾಮನವಮಿಯ ಪಾನಕದ ಚಪ್ಪರಗಳಲ್ಲಿ ನುರಿತ ಕೈಗಳನ್ನು ಗಮನಿಸಿ. ಬೆಲ್ಲ ಕರಗಿಸಿ, ಸೋಸಿ, ಶುಂಠಿ, ಏಲಕ್ಕಿ, ಮೆಣಸು ಎಲ್ಲ ಬೆರೆಸಿ ಮುಗಿದಿರುತ್ತದೆ. ಮಂಗಳಾರತಿ ಆಗುವವರೆಗೂ ನಿಂಬೆಹಣ್ಣಿಗೆ ಯಾರೂ ಚಾಕು ಇಡುವುದಿಲ್ಲ. ಅವರಿಗೆ ಲಿಮೋನಿನ್ ಹೆಸರು ಗೊತ್ತಿರಬೇಕಾಗಿಲ್ಲ, ನಾಲಿಗೆಗೆ ಗೊತ್ತಿದೆ. ಅಂಥವರ ಪಕ್ಕದಲ್ಲಿ ನಿಂತು ಕಲಿಯುವುದು ನನಗೆ ಯಾವಾಗಲೂ ಇಷ್ಟ.

ಈಗ ದ್ರಾಕ್ಷಿಯದನ್ನೇ ಮಾಡೋಣ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ ಬೆಳೆಯುವ ಕಪ್ಪು ಬೆಂಗಳೂರು ಬ್ಲೂ ದ್ರಾಕ್ಷಿ ಇದಕ್ಕೆ ಹೇಳಿ ಮಾಡಿಸಿದ್ದು. 250 ಗ್ರಾಂ ದ್ರಾಕ್ಷಿ, 120 ಗ್ರಾಂ ಸಕ್ಕರೆ, 200 ಮಿಲಿ ನೀರು. ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕುದಿಸಿ. ಸೌಟಿನ ಹಿಂಭಾಗದಿಂದ ಹಣ್ಣನ್ನು ಒತ್ತಿ, ಜರಡಿಯಲ್ಲಿ ಸೋಸಿ. ಇಲ್ಲೂ ಮಿಕ್ಸಿ ಬೇಡ, ದ್ರಾಕ್ಷಿ ಬೀಜ ಒಡೆದರೆ ಒಗರು ಬರುತ್ತದೆ. ಪಾಕ ಪೂರ್ತಿ ಆರಲಿ. ಕುಡಿಯುವ ಹೊತ್ತಿಗೆ ಪ್ರತಿ ಲೋಟಕ್ಕೆ ಒಂದು ಮಧ್ಯಮ ಗಾತ್ರದ ನಿಂಬೆಹಣ್ಣು ಹಿಂಡಿ, ಬೀಜ ತೆಗೆದು, ಪಾಕ ಮತ್ತು ತಣ್ಣೀರು ಬೆರೆಸಿ. ಆರು ಲೋಟಕ್ಕೆ ಸಾಲುತ್ತದೆ. ನಿಂಬೆರಸ ಬಿದ್ದ ಕೂಡಲೇ ನೇರಳೆ ಬಣ್ಣ ಕೆಂಪಿಗೆ ತಿರುಗುತ್ತದೆ. ಹುಳಿ ಏರಿದಂತೆ ದ್ರಾಕ್ಷಿ ಸಿಪ್ಪೆಯ ಬಣ್ಣ ಹಾಗೆ ಬದಲಾಗುತ್ತದೆ. ಮಕ್ಕಳ ಎದುರಿಗೇ ಹಿಂಡಿ, ಅವರಿಗೆ ಇದು ತುಂಬಾ ಖುಷಿ.

ಹಿಂಡುವಾಗಲೂ ಕೈಯಲ್ಲಿ ಹದ ಇರಲಿ. ಕೊನೆಯ ಹನಿಗಾಗಿ ಸಿಪ್ಪೆಯನ್ನು ಹಿಚುಕಿದರೆ ಸಿಪ್ಪೆಯ ಎಣ್ಣೆ ಮತ್ತು ಪೊರೆಯ ಕಹಿ ಎರಡೂ ಬರುತ್ತವೆ. ಆ ಒಂದು ಹನಿ ಹೋದರೆ ಹೋಗಲಿ. ಕಲ್ಲಂಗಡಿ, ಕರಬೂಜಕ್ಕೆ ಪಾಕ ಬೇಕಾಗಿಲ್ಲ, ಹಸಿಯಾಗಿಯೇ ರುಬ್ಬಿ ಸೋಸಿದರೆ ಸಾಕು. ಇವುಗಳಲ್ಲಿ ಹುಳಿ ಕಡಿಮೆ, ಬೇಸಿಗೆಯಲ್ಲಿ ಹೊರಗಿಟ್ಟರೆ ಬೇಗ ಕೆಡುತ್ತವೆ. ಮಾಡಿದ ಕೂಡಲೇ ಕುಡಿದುಬಿಡಿ.

ದ್ರಾಕ್ಷಿ ಶರಬತ್ತಿನಲ್ಲಿ ಒಂದು ಲೋಟಕ್ಕೆ 20 ಗ್ರಾಂ ಸಕ್ಕರೆ ಬೀಳುತ್ತದೆ, ದ್ರಾಕ್ಷಿಯ ಸಿಹಿ ಬೇರೆ. ಸಕ್ಕರೆ ಕಾಯಿಲೆ ಇರುವವರು "ಹಣ್ಣಿನದು ತಾನೇ" ಎಂದು ಕುಡಿಯಬೇಡಿ. ಬೆಲ್ಲ ಹಾಕಿದರೂ ಲೆಕ್ಕ ಅದೇ. ಚಿಟಿಕೆ ಉಪ್ಪು ಸಣ್ಣ ಕಹಿಯನ್ನು ತಗ್ಗಿಸುತ್ತದೆ, ಆದರೆ ಬಿಪಿ, ಕಿಡ್ನಿ ತೊಂದರೆ ಇರುವವರು ನಿಮ್ಮ ವೈದ್ಯರನ್ನು ಕೇಳಿ ಬಳಸಿ. ತಾಮ್ರದ ಜಗ್ಗಿನಲ್ಲಿ, ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ನಿಂಬೆ ಪಾನಕ ಇಡಲೇಬೇಡಿ. ಹುಳಿಗೆ ತಾಮ್ರ ಕರಗುತ್ತದೆ, ಹೊಟ್ಟೆ ತೊಳೆಸಿ ವಾಂತಿಯಾಗಬಹುದು. ನೋಡಲು ಚಂದ ಎಂದು ಮದುವೆ ಮನೆಗಳಲ್ಲಿ ಈಗ ತಾಮ್ರದ ಲೋಟದಲ್ಲೇ ಕೊಡುತ್ತಿದ್ದಾರೆ. ಸ್ಟೀಲ್, ಗಾಜು ಸಾಕು.

ನಿಂಬೆಹಣ್ಣು ಅಗ್ಗವಾದಾಗ ಕೂಡಿಡಬೇಕು ಎನ್ನುವವರಿಗೆ ಒಂದು ದಾರಿ ಇದೆ. ಹದವಾಗಿ ಹಿಂಡಿ, ಆ ಕ್ಷಣವೇ ಬೀಜ, ನಾರು ಸೋಸಿ, ಐಸ್ ಟ್ರೇಯಲ್ಲಿ ತುಂಬಿ ಫ್ರೀಜರ್‌ನಲ್ಲಿಡಿ. ಆಗತಾನೇ ಹಿಂಡಿದ ರಸದ ರುಚಿ ಬರುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಆದರೆ ಪೊರೆ, ಬೀಜ ಇಲ್ಲದ್ದರಿಂದ ಮತ್ತು ತಣ್ಣಗಿರುವುದರಿಂದ ಕಹಿ ಬಹಳ ಕಡಿಮೆ. ಬೇಕಾದಾಗ ಒಂದೊಂದೇ ತುಂಡು ತೆಗೆದು, ಪಾಕ ಮತ್ತು ನೀರು ಬೆರೆಸಿದ ಮೇಲೆ ಲೋಟಕ್ಕೆ ಹಾಕಿ.