ಟೋನಿ ಆಡಮ್ಸ್ ನಿಜವಾಗಿ ದೊಡ್ಡವರಾಗಿದ್ದು 29ನೇ ವಯಸ್ಸಿನಲ್ಲಿ

1996ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಫುಟ್‌ಬಾಲ್ ಕ್ಲಬ್ ಆರ್ಸೆನಲ್‌ನ ಕ್ಯಾಪ್ಟನ್ ಟೋನಿ ಆಡಮ್ಸ್ ತಂಡದ ಆಟಗಾರರನ್ನೆಲ್ಲ ಒಟ್ಟಿಗೆ ಕೂರಿಸಿ, ತಮಗೆ ಕುಡಿತದ ಚಟ ಇದೆ ಅಂತ ಹೇಳಿದರು. ಸ್ವಲ್ಪ ಹೊತ್ತಿಗೆ ಆ ಸುದ್ದಿ ಇಡೀ ಇಂಗ್ಲೆಂಡಿಗೆ ಗೊತ್ತಾಯಿತು. ಅದೇ ಬೇಸಿಗೆಯಲ್ಲಿ ಯೂರೋ ಕಪ್‌ನಲ್ಲಿ ದೇಶದ ತಂಡವನ್ನು ಮುನ್ನಡೆಸಿದವರು ಅವರೇ. ಅಷ್ಟರಲ್ಲಾಗಲೇ ಎರಡು ಲೀಗ್ ಪ್ರಶಸ್ತಿ ಗೆದ್ದಿದ್ದರು. ಎಂಟು ವರ್ಷದಿಂದ ಕ್ಯಾಪ್ಟನ್ ಆಗಿದ್ದರು. ಒಮ್ಮೆ ಜೈಲಿಗೂ ಹೋಗಿ ಬಂದಿದ್ದರು.

ಫುಟ್‌ಬಾಲ್ ಆಟಗಾರರು ವಯಸ್ಸಾದ ಹಾಗೆ ಪಕ್ವವಾಗುತ್ತಾರೆ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆಡಮ್ಸ್ ಕತೆ ನೋಡಿದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಗೆಲುವು ಅವರನ್ನು ಬೆಳೆಸಲಿಲ್ಲ. ಅವರಿಗೆ ಆಗುತ್ತಿದ್ದ ಹಾನಿಯನ್ನು ಅದು ವರ್ಷಗಟ್ಟಲೆ ಮುಚ್ಚಿಟ್ಟಿತು.

ಇದು ಅರ್ಥವಾಗಬೇಕಾದರೆ ಇನ್ನೂ ಹಿಂದಕ್ಕೆ ಹೋಗಬೇಕು. 1961ರವರೆಗೆ ಇಂಗ್ಲೆಂಡಿನಲ್ಲಿ ಆಟಗಾರರ ಸಂಬಳಕ್ಕೆ ಮಿತಿ ಇತ್ತು. ಎಷ್ಟೇ ದೊಡ್ಡ ಆಟಗಾರನಾದರೂ ವಾರಕ್ಕೆ ಹೆಚ್ಚೆಂದರೆ 20 ಪೌಂಡ್. ಆಟ ನೋಡಲು ಬರುತ್ತಿದ್ದ ಕಾರ್ಮಿಕರ ಬದುಕಿಗೂ ಆಟಗಾರರ ಬದುಕಿಗೂ ಅಂಥ ಅಂತರ ಇರಲಿಲ್ಲ. ಪಂದ್ಯ ಮುಗಿದರೆ ಇಬ್ಬರೂ ಪಬ್‌ಗೆ ಹೋಗುತ್ತಿದ್ದರು. ಮಿತಿ ಹೋಯಿತು, ದುಡ್ಡು ಬಂತು, ಪಬ್ ಮಾತ್ರ ಉಳಿಯಿತು. ಬೆಳಗ್ಗೆಯ ತರಬೇತಿ ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತಿತ್ತು. ಕೈಯಲ್ಲಿ ಹಣ, ಮುಂದೆ ಇಡೀ ದಿನ ಖಾಲಿ. ಇಪ್ಪತ್ತರ ಹುಡುಗನಿಗೆ ಅದು ಕಷ್ಟದ ಪರಿಸ್ಥಿತಿ, ಅಲ್ವಾ?

ಜಾರ್ಜ್ ಬೆಸ್ಟ್ ಆ ಹೊಸ ಕಾಲದ ಮೊದಲ ದೊಡ್ಡ ತಾರೆ. 1968ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಯುರೋಪಿಯನ್ ಕಪ್ ಗೆದ್ದಿತು, ಬೆಸ್ಟ್‌ಗೆ ಯುರೋಪಿನ ಅತ್ಯುತ್ತಮ ಆಟಗಾರನಿಗೆ ಕೊಡುತ್ತಿದ್ದ ಬ್ಯಾಲನ್ ಡಿ'ಓರ್ ಆ ವರ್ಷ ಬಂತು. ಆಗ ಅವರಿಗೆ 22 ವರ್ಷ. 1974ರಲ್ಲಿ, 27ನೇ ವಯಸ್ಸಿಗೇ ಯುನೈಟೆಡ್ ಬಿಟ್ಟರು. ಕುಡಿತ ಮಾತ್ರ ಬಿಡಲಾಗಲಿಲ್ಲ. 2002ರಲ್ಲಿ ಲಿವರ್ ಕಸಿ ಆಯಿತು. 2005ರಲ್ಲಿ, 59ನೇ ವಯಸ್ಸಿನಲ್ಲಿ ತೀರಿಕೊಂಡರು. ಇಂಗ್ಲೆಂಡ್ ಪರ 57 ಪಂದ್ಯಗಳಲ್ಲಿ 44 ಗೋಲು ಹೊಡೆದ ಜಿಮ್ಮಿ ಗ್ರೀವ್ಸ್ ಕೂಡ ಇದೇ ಹಾದಿ ಹಿಡಿದಿದ್ದರು. ಆದರೆ 1978ರಲ್ಲಿ ಕುಡಿತ ನಿಲ್ಲಿಸಿದರು. ಆಮೇಲೆ ಟಿವಿಯಲ್ಲಿ ಜನ ಮೆಚ್ಚಿದ ಮಾತುಗಾರರಾದರು, 2021ರವರೆಗೆ ಬದುಕಿದರು. ಗ್ರೀವ್ಸ್ ಕುಡಿತವನ್ನು ಗೆದ್ದಾಗ ದೊಡ್ಡ ಕ್ಲಬ್‌ಗಳಲ್ಲಿ ಅವರ ಆಟದ ದಿನಗಳು ಮುಗಿದಿದ್ದವು. ಇನ್ನೂ ಅಗ್ರ ಮಟ್ಟದಲ್ಲಿ ಆಡುತ್ತಿರುವಾಗಲೇ ಒಬ್ಬ ಆಟಗಾರ ಬದಲಾಗಬಹುದು ಅನ್ನುವುದನ್ನು ಇಂಗ್ಲಿಷ್ ಫುಟ್‌ಬಾಲ್ ಇನ್ನೂ ಕಂಡಿರಲಿಲ್ಲ ಅಂತಲೇ ಹೇಳಬೇಕು.

ಆಡಮ್ಸ್ ಪೂರ್ವ ಲಂಡನ್ನಿನ ರಾಮ್‌ಫರ್ಡ್‌ನಲ್ಲಿ 1966ರಲ್ಲಿ ಹುಟ್ಟಿದವರು. ಶಾಲೆಯಲ್ಲಿದ್ದಾಗಲೇ ಆರ್ಸೆನಲ್ ಸೇರಿದರು. 17ಕ್ಕೆ ಮೊದಲ ಪಂದ್ಯ, 21ಕ್ಕೆ ಕ್ಯಾಪ್ಟನ್. 1989ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ತಮ್ಮ ತಂಡಕ್ಕೊಂದು ಗೋಲು ಹೊಡೆದು, ಆಮೇಲೆ ತಮ್ಮದೇ ಬಲೆಗೂ ಒಂದು ಹೊಡೆದುಬಿಟ್ಟರು. ಡೈಲಿ ಮಿರರ್ ಪತ್ರಿಕೆ ಅವರ ಫೋಟೋಗೆ ಕತ್ತೆಯ ಕಿವಿ ಬರೆದು ಅಚ್ಚು ಹಾಕಿತು. ಎದುರಾಳಿ ಅಭಿಮಾನಿಗಳು ವರ್ಷಗಟ್ಟಲೆ ಅವರನ್ನು ಕಂಡರೆ ಕತ್ತೆಯ ಹಾಗೆ ಅರಚುತ್ತಿದ್ದರು. 22 ವರ್ಷದ ಹುಡುಗ ಅದನ್ನೆಲ್ಲ ಹೇಗೆ ತಡೆದುಕೊಂಡ ಅಂತ ಯಾರೂ ಕೇಳಲಿಲ್ಲ. ಮುಂದಿನ ತಿಂಗಳೇ ಆರ್ಸೆನಲ್ ಲಿವರ್‌ಪೂಲನ್ನು ಅವರದೇ ಮೈದಾನ ಆನ್‌ಫೀಲ್ಡ್‌ನಲ್ಲಿ 2-0ರಿಂದ ಸೋಲಿಸಿ ಲೀಗ್ ಗೆದ್ದಿತು. ಇನ್ನು ಕೇಳುವುದೇನಿದೆ ಅನ್ನುವ ಹಾಗಾಯಿತು.

ಆ ಕಾಲದ ಆರ್ಸೆನಲ್‌ನಲ್ಲಿ ಮಂಗಳವಾರ ತರಬೇತಿ ಮುಗಿಸಿ ಒಟ್ಟಿಗೆ ಕುಡಿಯಲು ಹೋಗುವ ಒಂದು ಗುಂಪೇ ಇತ್ತು. ಬುಧವಾರ ರಜೆ. ಇದು ಗುಟ್ಟೇನೂ ಆಗಿರಲಿಲ್ಲ. ಜೊತೆಗೆ ಕುಡಿದರೆ ತಂಡ ಗಟ್ಟಿಯಾಗುತ್ತದೆ ಅಂತ ಜನ ನಂಬಿದ್ದರು. ಬೇರೆ ಕ್ಲಬ್‌ಗಳಲ್ಲೂ ಹೆಚ್ಚು ಕಡಿಮೆ ಹೀಗೇ ಇತ್ತು.

1990ರ ಮೇ 6ರಂದು ಆಡಮ್ಸ್ ಕುಡಿದು ಕಾರು ಓಡಿಸಿ ಗೋಡೆಗೆ ಗುದ್ದಿದರು. ರಕ್ತದಲ್ಲಿದ್ದ ಆಲ್ಕೋಹಾಲ್ ಕಾನೂನಿನ ಮಿತಿಯ ನಾಲ್ಕು ಪಟ್ಟಿಗೂ ಜಾಸ್ತಿ. ಡಿಸೆಂಬರ್‌ನಲ್ಲಿ ಕೋರ್ಟು ನಾಲ್ಕು ತಿಂಗಳ ಶಿಕ್ಷೆ ಕೊಟ್ಟಿತು. ಸುಮಾರು ಎರಡು ತಿಂಗಳು ಚೆಲ್ಮ್ಸ್‌ಫರ್ಡ್ ಜೈಲಿನಲ್ಲಿ ಕಳೆದು ಫೆಬ್ರವರಿಯಲ್ಲಿ ಹೊರಬಂದರು. ಆ ಸೀಸನ್‌ನಲ್ಲಿ ಆರ್ಸೆನಲ್ ಲೀಗ್‌ನಲ್ಲಿ ಸೋತಿದ್ದು ಒಂದೇ ಪಂದ್ಯ, ಅದೂ ಆಡಮ್ಸ್ ಜೈಲಿನಲ್ಲಿದ್ದಾಗ. ಅವರು ವಾಪಸ್ ಬಂದರು, ತಂಡ ಮತ್ತೆ ಚಾಂಪಿಯನ್ ಆಯಿತು, ಕ್ಯಾಪ್ಟನ್ ಪಟ್ಟವೂ ಅವರ ಹತ್ತಿರವೇ ಉಳಿಯಿತು. ಹೊರಗಿನವರಿಗೆ ಇದು ಎದ್ದು ನಿಂತ ವೀರನ ಕತೆ. ಆದರೆ ಕುಡಿತ ಮಾತ್ರ ಮೊದಲಿನ ಹಾಗೇ ನಡೆದಿತ್ತು.

ನನ್ನ ಪ್ರಕಾರ ಇಡೀ ಕತೆಯಲ್ಲಿ ತುಂಬಾ ಬೇಸರದ ಭಾಗ ಇದೇ. ಜೈಲಿಗೆ ಹೋಗಿ ಬಂದವನಿಗೆ ಕ್ಲಬ್ ಮತ್ತೆ ಜಾಗ ಕೊಟ್ಟಿತು, ಅದು ಒಳ್ಳೆಯದೇ. ಆದರೆ ಅವನು ಯಾಕೆ ಅಷ್ಟು ಕುಡಿಯುತ್ತಾನೆ ಅಂತ ವಿಚಾರಿಸುವ ವ್ಯವಸ್ಥೆ ಎಲ್ಲೂ ಇರಲಿಲ್ಲ. ಮೊಣಕಾಲು ನೋವಾದರೆ ಡಾಕ್ಟರ್ ಇದ್ದರು. ಇದಕ್ಕೆ ಯಾರೂ ಇರಲಿಲ್ಲ.

ಮೊದಲು ಬಾಯಿಬಿಟ್ಟವರು ಅದೇ ತಂಡದ ಪಾಲ್ ಮರ್ಸನ್. ಕುಡಿತ, ಕೊಕೇನ್, ಜೂಜು, ಮೂರಕ್ಕೂ ಬಿದ್ದಿದ್ದೇನೆ ಅಂತ 1994ರ ನವೆಂಬರ್‌ನಲ್ಲಿ ಅವರು ಒಪ್ಪಿಕೊಂಡರು. ಫುಟ್‌ಬಾಲ್ ಅಸೋಸಿಯೇಷನ್ ಅವರನ್ನು ಚಿಕಿತ್ಸೆಗೆ ಕಳಿಸಿತು. ಕೆಲವೇ ತಿಂಗಳಲ್ಲಿ ಮತ್ತೆ ಆಡಲು ಬಿಟ್ಟಿತು. ಅಲ್ಲಿಯವರೆಗೆ ಇಂಥ ವಿಷಯಕ್ಕೆ ಶಿಕ್ಷೆ ಅಥವಾ ಮೌನ, ಇವೆರಡೇ ದಾರಿ ಅನ್ನಿಸುವಂತಿತ್ತು. ಮರ್ಸನ್ ಆಮೇಲೂ ಜಾರಿದರು, ಜೂಜಿನ ಜೊತೆ ಅವರ ಹೋರಾಟ ಬಹಳ ವರ್ಷ ನಡೆಯಿತು. ಹಾಗಂತ ಅವರು ತೋರಿಸಿದ ಧೈರ್ಯ ಕಡಿಮೆಯಾಗುವುದಿಲ್ಲ.

ಆಡಮ್ಸ್ ಯೂರೋ 96 ಮುಗಿಯುವವರೆಗೆ ಹಲ್ಲು ಕಚ್ಚಿ ಕುಡಿಯದೆ ಇದ್ದರು. ಜೂನ್ 26ರಂದು ವೆಂಬ್ಲಿಯಲ್ಲಿ ಜರ್ಮನಿ ವಿರುದ್ಧದ ಸೆಮಿಫೈನಲ್ ಪೆನಾಲ್ಟಿಯಲ್ಲಿ ಕೈತಪ್ಪಿತು. ಆಮೇಲೆ ಸುಮಾರು ಏಳು ವಾರ ಕುಡಿದದ್ದೇ ಕುಡಿದದ್ದು. ಆಗಸ್ಟ್ 16, ಶುಕ್ರವಾರ ಕೊನೆಯ ಗ್ಲಾಸು. ನಂತರ ಕುಡಿತ ಬಿಡಲು ಬಯಸುವವರು ಒಟ್ಟಿಗೆ ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಹೋಗತೊಡಗಿದರು. ಅಪರಿಚಿತರ ಮಧ್ಯೆ ಕೂತು ತನ್ನ ಸಮಸ್ಯೆ ಹೇಳಿಕೊಳ್ಳುವುದು ಇಂಗ್ಲೆಂಡಿನ ಕ್ಯಾಪ್ಟನ್‌ಗೆ ಸುಲಭದ ಕೆಲಸವೇನಲ್ಲ.

ಸರಿಯಾಗಿ ಅದೇ ಸಮಯಕ್ಕೆ ಅಕ್ಟೋಬರ್‌ನಲ್ಲಿ ಆರ್ಸೆನ್ ವೆಂಗರ್ ಮ್ಯಾನೇಜರ್ ಆಗಿ ಬಂದರು. ಜಪಾನಿನ ಕ್ಲಬ್ ಬಿಟ್ಟು ಬಂದ ಈ ಫ್ರೆಂಚ್ ಮನುಷ್ಯನಿಗೆ ನಮ್ಮ ಆಟ ಏನು ಗೊತ್ತು ಅಂತ ಆಡಮ್ಸ್‌ಗೂ ಅನುಮಾನ ಇತ್ತು. ವೆಂಗರ್ ಬೇಯಿಸಿದ ತರಕಾರಿ, ಮೀನು, ಕೋಳಿ ಊಟಕ್ಕೆ ತಂದರು. ಸ್ಟ್ರೆಚಿಂಗ್ ಕಡ್ಡಾಯ ಮಾಡಿದರು. ಚಾಕೊಲೇಟ್ ನಿಂತದ್ದಕ್ಕೆ ಆಟಗಾರರು ಬಸ್ಸಿನಲ್ಲಿ ಕೂಗಾಡಿದರಂತೆ. ಈ ಊಟದ ಕತೆಯನ್ನೇ ಎಲ್ಲರೂ ಜಾಸ್ತಿ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ವೆಂಗರ್ ಅಪ್ಪ ಅಮ್ಮ ಫ್ರಾನ್ಸಿನ ಅಲ್ಸಾಸ್‌ನ ಹಳ್ಳಿಯೊಂದರಲ್ಲಿ ಬಿಸ್ಟ್ರೋ, ಅಂದರೆ ಊಟದ ಜೊತೆ ಮದ್ಯವೂ ಸಿಗುವ ಸಣ್ಣ ಹೋಟೆಲು, ನಡೆಸುತ್ತಿದ್ದರು. ಕುಡಿತ ಮನುಷ್ಯನನ್ನು ಏನು ಮಾಡುತ್ತದೆ ಅಂತ ವೆಂಗರ್ ಚಿಕ್ಕಂದಿನಿಂದ ನೋಡಿದ್ದರು.

1997ರ ಡಿಸೆಂಬರ್‌ನಲ್ಲಿ ಆ ತಿಳುವಳಿಕೆ ಉಪಯೋಗಕ್ಕೆ ಬಂತು. ಬ್ಲ್ಯಾಕ್‌ಬರ್ನ್ ಎದುರು ಆರ್ಸೆನಲ್ 3-1ರಿಂದ ಸೋತಿತ್ತು. ಆಡಮ್ಸ್ ಪಾದದ ಗಂಟು ನೋವಿನಿಂದ ಕುಗ್ಗಿದ್ದರು, ಆಟವನ್ನೇ ಬಿಡುವ ಯೋಚನೆಯಲ್ಲಿದ್ದರು. ಲೀಗ್ ಜೋರಾಗಿ ನಡೆಯುತ್ತಿದ್ದಾಗಲೇ ವೆಂಗರ್ ತಮ್ಮ ಕ್ಯಾಪ್ಟನ್‌ನನ್ನು ದಕ್ಷಿಣ ಫ್ರಾನ್ಸಿಗೆ ಕಳಿಸಿದರು. ಅಲ್ಲಿ ಒಬ್ಬ ಫಿಟ್‌ನೆಸ್ ತಜ್ಞರ ಜೊತೆ ಅವರು ಸುಧಾರಿಸಿಕೊಂಡರು. ಹೊಸ ವರ್ಷಕ್ಕೆ ವಾಪಸ್ ಬಂದ ಮೇಲೆ ಆರ್ಸೆನಲ್‌ನ ಡಿಫೆನ್ಸ್ ಗೋಡೆಯಂತಾಯಿತು. 1998ರ ಮೇ 3ರಂದು ಎವರ್ಟನ್ ವಿರುದ್ಧ 3-0 ಮುನ್ನಡೆಯಲ್ಲಿದ್ದಾಗ, ಸ್ಟೀವ್ ಬೋಲ್ಡ್ ಎತ್ತಿಕೊಟ್ಟ ಚೆಂಡನ್ನು ಮುನ್ನುಗ್ಗಿ ಹೋಗಿ ಎಡಗಾಲಿನಲ್ಲಿ ಬಲೆಗೆ ಬಾರಿಸಿದರು. ಗೋಲು ತಡೆಯುವುದೇ ಕೆಲಸವಾದ ಒಬ್ಬ ಸೆಂಟರ್ ಬ್ಯಾಕ್‌ನಿಂದ ಇನ್ನೊಬ್ಬ ಸೆಂಟರ್ ಬ್ಯಾಕ್‌ಗೆ ಪಾಸ್, ಗೋಲು! ಅದೇ ದಿನ ಲೀಗ್ ಕೈಸೇರಿತು, ಆ ತಿಂಗಳೇ ಎಫ್‌ಎ ಕಪ್ ಕೂಡ. 2002ರಲ್ಲಿ ಮತ್ತೊಮ್ಮೆ ಎರಡೂ ಗೆದ್ದು ಆಡಮ್ಸ್ ನಿವೃತ್ತರಾದರು. ಒಟ್ಟು 669 ಪಂದ್ಯ, ಎಲ್ಲವೂ ಒಂದೇ ಕ್ಲಬ್‌ಗೆ.

ಆಟದ ಹೊರಗೂ ಅವರು ಬದಲಾದರು. ಪಿಯಾನೋ ಕಲಿತರು, ಓದುವ ಅಭ್ಯಾಸ ಮಾಡಿಕೊಂಡರು, ಆಮೇಲೆ ಬ್ರೂನೆಲ್ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ವಿಜ್ಞಾನ ಓದಿದರು. ಮ್ಯಾನೇಜರ್ ಆಗಿ ಮಾತ್ರ ಅವರಿಗೆ ಅಷ್ಟು ಯಶಸ್ಸು ಸಿಗಲಿಲ್ಲ. ಅವರ ದೊಡ್ಡ ಕೆಲಸ 2000ದಲ್ಲಿ ಶುರು ಮಾಡಿದ ಸ್ಪೋರ್ಟಿಂಗ್ ಚಾನ್ಸ್ ಕ್ಲಿನಿಕ್. ಕುಡಿತ, ಡ್ರಗ್ಸ್, ಜೂಜು, ಮನಸ್ಸಿನ ತೊಂದರೆ ಇರುವ ಆಟಗಾರರಿಗೆ ಅಲ್ಲಿ ಚಿಕಿತ್ಸೆ ಸಿಗುತ್ತದೆ. ಆಟಗಾರರ ಸಂಘ ಅದರ ಜೊತೆ ನಿಂತಿದೆ. ಮೊದಲು ಒಬ್ಬ ಆಟಗಾರ ಸರಿಹೋಗಬೇಕಾದರೆ ಅದೃಷ್ಟ ಬೇಕಿತ್ತು. ಈಗ ಒಂದು ಬಾಗಿಲಾದರೂ ಇದೆ. ಪಕ್ವತೆ ಅಂದರೆ ನನ್ನ ಮಟ್ಟಿಗೆ ಇದೇ: ತಾನು ದಾಟಿ ಬಂದ ಹೊಳೆಗೆ ಉಳಿದವರಿಗಾಗಿ ಸೇತುವೆ ಕಟ್ಟುವುದು.

ಕುಡಿತ ಈಗ ಡ್ರೆಸ್ಸಿಂಗ್ ರೂಮಿನಲ್ಲಿ ಮೊದಲಿನಷ್ಟು ಕಾಣುವುದಿಲ್ಲ. ಜಿಪಿಎಸ್ ಕಟ್ಟಿಕೊಂಡು ಓಡುವ ಕಾಲದಲ್ಲಿ ಅದನ್ನು ಬಚ್ಚಿಡುವುದೂ ಕಷ್ಟ. ಚಟದ ರೂಪ ಮಾತ್ರ ಬದಲಾಗಿದೆ. 2023ರ ಜುಲೈನಲ್ಲಿ ಇಂಗ್ಲೆಂಡ್ ಪರ ಆಡಿದ್ದ ಡೆಲಿ ಅಲಿ ನಿದ್ದೆ ಮಾತ್ರೆಗಳ ಚಟದ ಬಗ್ಗೆ, ಬಾಲ್ಯದಲ್ಲಿ ಆದ ದೌರ್ಜನ್ಯದ ಬಗ್ಗೆ, ಚಿಕಿತ್ಸೆ ಪಡೆದದ್ದರ ಬಗ್ಗೆ ಕ್ಯಾಮೆರಾ ಮುಂದೆ ಮಾತಾಡಿದರು. ಆಗ ಅವರಿಗೆ 27. ಅದೇ ವರ್ಷ ಮೇ ತಿಂಗಳಲ್ಲಿ ಬ್ರೆಂಟ್‌ಫರ್ಡ್ ಕ್ಲಬ್‌ನ ಐವನ್ ಟೋನಿ ಬೆಟ್ಟಿಂಗ್ ನಿಯಮ ಮುರಿದದ್ದಕ್ಕೆ ಎಂಟು ತಿಂಗಳ ನಿಷೇಧಕ್ಕೆ ಒಳಗಾದರು. ಅವರಿಗೆ ಜೂಜಿನ ಚಟ ಇದೆ ಅಂತ ತಜ್ಞರು ಹೇಳಿದ್ದರು. ಅವರು ಹಾಕಿಕೊಂಡು ಆಡುತ್ತಿದ್ದ ಜರ್ಸಿಯ ಎದೆ ಮೇಲೆ ಇದ್ದದ್ದೂ ಒಂದು ಬೆಟ್ಟಿಂಗ್ ಕಂಪನಿಯ ಹೆಸರೇ.

ಇದನ್ನು ನೋಡಿದರೆ ಸಿಟ್ಟು ಬರುತ್ತದೆ. ಆಟಗಾರ ಪಕ್ವವಾಗಬೇಕು ಅಂತ ಎಲ್ಲರೂ ಬಯಸುತ್ತಾರೆ, ಅವನ ಸುತ್ತ ಇರುವ ವ್ಯವಹಾರ ಮಾತ್ರ ನಿಧಾನವಾಗಿ ಬದಲಾಗುತ್ತದೆ. 2025-26ರ ಸೀಸನ್ ಮುಗಿದ ಮೇಲೆ ಜರ್ಸಿಯ ಎದೆ ಮೇಲೆ ಜೂಜಿನ ಕಂಪನಿಗಳ ಹೆಸರು ಇರಬಾರದು ಅಂತ ಪ್ರೀಮಿಯರ್ ಲೀಗ್ ಕ್ಲಬ್‌ಗಳು 2023ರಲ್ಲಿ ಒಪ್ಪಿಕೊಂಡವು. ತೋಳಿನ ಮೇಲೆ ಹಾಕಿಕೊಳ್ಳಲು ಆ ಒಪ್ಪಂದದಲ್ಲಿ ಅಡ್ಡಿ ಇಲ್ಲ.