ಕ್ವೆರಿ ಬೇಗ ಓಡ್ಲಿ ಅಂತ ಎಣಿಸೋಕೆ ಹೊರಟು, ಮನಸ್ಸು ಎಣಿಸೋವರೆಗೂ ಬಂದ ಕಥೆ

ಬಿಗ್ ಡೇಟಾ ಅಂದಕೂಡ್ಲೇ ಒಬ್ರು ಎಐ ಅಂತಾರೆ, ಇನ್ನೊಬ್ರು ಪ್ರೈವೆಸಿ ಅಂತಾರೆ, ಮತ್ತೊಬ್ರು ಎಲೆಕ್ಷನ್ ಅಂತಾರೆ, ಇವರೆಲ್ಲ ಒಂದೇ ವಿಷ್ಯ ಮಾತಾಡ್ತಿದಾರಾ ಅಂತ ಕೇಳೋರಿಗೆ ಡೌಟ್ ಬರತ್ತೆ. ನಾನು ಡೇಟಾಬೇಸ್ ನೋಡ್ಕೊಳ್ಳೋ ಕೆಲಸದವನು, ಹಾಗಾಗಿ ನಂಗೆ ಗೊತ್ತಿರೋ ತುದಿಯಿಂದ್ಲೇ ಹಿಡೀತೀನಿ.

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ರಿಲೇಶನಲ್ ಮಾಡೆಲ್ ಕೊಟ್ರು, ಅಂದ್ರೆ ಡೇಟಾನೆಲ್ಲ ಸಾಲು-ಕಾಲಮ್ಮಿನ ಟೇಬಲ್‌ಗಳಲ್ಲಿ ಇಡೋ ಪದ್ಧತಿ. ಏನು ಬೇಕು ಅಂತ ಕೇಳಿದ್ರೆ ಸಾಕು (ಹಂಗೆ ಕೇಳೋ ಪ್ರಶ್ನೆನೇ ಕ್ವೆರಿ), ಹೆಂಗೆ ಹುಡುಕ್ಬೇಕು ಅನ್ನೋ ತಲೆನೋವು ಮೆಷಿನ್ದು. ಆ ತಲೆನೋವಿಗೆ ಮದ್ದು ಸಿಕ್ಕಿದ್ದು ಐಬಿಎಂನದೇ ಸಿಸ್ಟಮ್ ಆರ್ ಪ್ರಾಜೆಕ್ಟಲ್ಲಿ, 1979ರಲ್ಲಿ ಪೆಟ್ರೀಶಿಯಾ ಸೆಲಿಂಜರ್ ಮತ್ತೆ ಜೊತೆಗಾರರು ಬರ್ದ ಪೇಪರಲ್ಲಿ. ಟೇಬಲಲ್ಲಿ ಎಷ್ಟು ಸಾಲಿದೆ, ಇಂಡೆಕ್ಸಲ್ಲಿ (ಬೇಗ ಹುಡುಕೋಕೆ ಅಂತ ಇಡೋ ಪಟ್ಟಿ) ಎಷ್ಟು ಬೇರೆ ಬೇರೆ ವ್ಯಾಲ್ಯೂ ಇದೆ ಅಂತ ಮೊದ್ಲೇ ಎಣಿಸಿಟ್ಕೊಂಡು, ಯಾವ ದಾರಿ ಅಗ್ಗ ಅಂತ ಅಂದಾಜು ಮಾಡೋದು. ಈ ಕೆಲಸ ಮಾಡೋ ಭಾಗಕ್ಕೆ ಆಪ್ಟಿಮೈಸರ್ ಅಂತಾರೆ, ಅದು ಆರಿಸೋ ದಾರಿಗೆ ಪ್ಲಾನ್ ಅಂತಾರೆ. ಎಣಿಕೆನೇ ಇಲ್ದಿದ್ರೆ? ಹತ್ತರಲ್ಲೊಂದು ಸಾಲು ಸಿಗತ್ತೆ ಅಂದ್ಕೊ, ಮುಂದೆ ಹೋಗು. ತಮಾಷೆ ಅಲ್ಲ, ಪೇಪರಲ್ಲೇ ಇದೆ.

ಇದು ಎಲ್ಲಿ ಎಡವತ್ತೆ ನೋಡಿ. ಒಂದು ಲಕ್ಷ ಸಾಲಲ್ಲಿ ಮಂಡ್ಯ ಜಿಲ್ಲೆಯೋರು 4,000, ಅದ್ರಲ್ಲಿ ಮದ್ದೂರಿನೋರು 1,000 ಅಂದ್ಕೊಳ್ಳಿ. 'ಊರು ಮದ್ದೂರು, ಜಿಲ್ಲೆ ಮಂಡ್ಯ' ಅಂತ ಕೇಳಿದ್ರೆ ಮಾಮೂಲಿ ಆಪ್ಟಿಮೈಸರ್‌ಗೆ ಎರಡಕ್ಕೂ ಸಂಬಂಧ ಇದೆ ಅಂತ ಗೊತ್ತಿಲ್ಲ, ಎರಡು ಪರ್ಸೆಂಟೇಜನ್ನೂ ಗುಣಿಸಿ 40 ಸಾಲು ಅನ್ನತ್ತೆ. ನಲವತ್ತೇ ತಾನೆ ಅಂತ ಒಂದೊಂದೇ ಸಾಲು ಹಿಡ್ಕೊಂಡು ಇನ್ನೊಂದು ಟೇಬಲಲ್ಲಿ ಹುಡುಕೋಕೆ ಹೊರಡತ್ತೆ, ಆದ್ರೆ ನಿಜಕ್ಕೂ ಇರೋದು ಸಾವಿರ. ನಮ್ಮಲ್ಲಿ ಒಂದ್ಸಲ ಹತ್ತು ನಿಮಿಷದ ಮಂತ್ ಎಂಡ್ ರಿಪೋರ್ಟ್ ಬೆಳಗಿನ ಜಾವದವರೆಗೂ ಓಡ್ತಾನೇ ಇತ್ತು, ಕಾರಣ ಇಂಥದ್ದೇ ಒಂದು ಅಂದಾಜು. 2015ರಲ್ಲಿ ಮ್ಯೂನಿಕ್‌ನ ಸಂಶೋಧಕರು ಐಎಂಡಿಬಿ ಸಿನಿಮಾ ಡೇಟಾ ಇಟ್ಕೊಂಡು ಟೆಸ್ಟ್ ಮಾಡಿದ್ರು, ಟೇಬಲ್ ಜೋಡಿಸ್ತಾ ಹೋದಂಗೆ ಸಾವಿರ ಪಟ್ಟು ತಪ್ಪೋದೂ ಮಾಮೂಲಿ ಅಂತ ಗೊತ್ತಾಯ್ತು. ಮೂವತ್ತಾರು ವರ್ಷ ಆದ್ಮೇಲೂ!

ಇದನ್ನ ರಿಪೇರಿ ಮಾಡ್ಬೇಕಂದ್ರೆ ಲಾಗ್ ನೋಡ್ಬೇಕು. ಲಾಗ್ ಅಂದ್ರೆ ಮೆಷಿನ್ ಏನು ಮಾಡ್ತು ಅನ್ನೋ ಡೈರಿ, ಆದ್ರೆ ಜನ ಏನು ಕೇಳಿದ್ರು ಅನ್ನೋದೂ ಅದ್ರಲ್ಲೇ ಇರತ್ತೆ, ಮುಂದಿನ ಗೋಜಲೆಲ್ಲ ಶುರುವಾಗಿದ್ದು ಇಲ್ಲಿಂದ್ಲೇ. 2006ರ ಆಗಸ್ಟಲ್ಲಿ ಎಒಎಲ್ ಅನ್ನೋ ಅಮೆರಿಕಾದ ಇಂಟರ್ನೆಟ್ ಕಂಪನಿ ಸಂಶೋಧಕರಿಗೆ ಉಪಯೋಗ ಆಗ್ಲಿ ಅಂತ ಸುಮಾರು ಆರೂವರೆ ಲಕ್ಷ ಜನರ ಮೂರು ತಿಂಗಳ ಸರ್ಚ್, ಒಟ್ಟು ಎರಡು ಕೋಟಿಯಷ್ಟು, ಹೆಸರು ತೆಗ್ದು ನಂಬರ್ ಹಾಕಿ ಬಿಟ್ಟಿತ್ತು. ಕೆಲವೇ ದಿನದಲ್ಲಿ ಪತ್ರಕರ್ತರು ಒಂದು ನಂಬರಿನ ಹಿಂದಿದ್ದ ವಯಸ್ಸಾದ ಹೆಂಗಸಿನ ಮನೆ ಬಾಗಿಲಿಗೇ ಹೋಗಿ ನಿಂತ್ರು. ಆಯಮ್ಮ ಹುಡುಕಿದ್ದ ಊರಿನ ಹೆಸರು, ನೆಂಟರ ಸರ್‌ನೇಮು, ಅಷ್ಟೇ ಸಾಕಾಯ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ಗೂಗಲ್‌ನೋರು ಐದು ಕೋಟಿ ಸರ್ಚ್ ಪದಗಳನ್ನ ಜರಡಿ ಹಿಡ್ದು 45 ಆರಿಸ್ಕೊಂಡು, ಫ್ಲೂ ಎಲ್ಲಿ ಎಷ್ಟಿದೆ ಅಂತ ಅಂದಾಜು ಮಾಡ್ತೀವಿ ಅಂತ 2009ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರ್ದ್ರು. ಹಂಗೆ ಜರಡಿ ಹಿಡಿಯುವಾಗ ಹೈಸ್ಕೂಲ್ ಬಾಸ್ಕೆಟ್‌ಬಾಲ್ ಕೂಡ ಮೇಲೆ ಬಂದಿತ್ತಂತೆ, ಅಮೆರಿಕಾದಲ್ಲಿ ಅದೂ ಚಳಿಗಾಲದ್ದೇ ಆಟ! 2012-13ರ ಚಳಿಗಾಲದಲ್ಲಿ ಅದ್ರ ಅಂದಾಜು ನಿಜದ ಲೆಕ್ಕಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟಾಗಿತ್ತು. ಮದ್ದೂರು ಕೇಸಲ್ಲಿ ಸಂಬಂಧ ಇದ್ದಿದ್ದು ಕಾಣ್ಲಿಲ್ಲ, ಇಲ್ಲಿ ಇಲ್ದಿರೋದು ಕಾಣ್ತು. ನನ್ನ ಕಣ್ಣಿಗೆ ಎರಡೂ ಒಂದೇ ಕಾಯಿಲೆ.

ಆಮೇಲೆ ಸೈಕಾಲಜಿಯೋರು ಬಂದ್ರು. 2013ರಲ್ಲಿ 58,000 ಜನರ ಫೇಸ್‌ಬುಕ್ ಲೈಕ್ ನೋಡಿ ಸ್ವಭಾವ, ರಾಜಕೀಯ, ಬುದ್ಧಿ ಎಲ್ಲ ಅಂದಾಜು ಮಾಡಿದ್ರು, ಸುರುಳಿ ಆಲೂ ಫ್ರೈಸ್ ಲೈಕ್ ಮಾಡ್ದೋರಿಗೆ ಬುದ್ಧಿ ಜಾಸ್ತಿ ಅಂತ ಬಂತು! ಯಾಕೆ ಅಂದ್ರೆ ಉತ್ತರ ಇಲ್ಲ. ಆ 58,000 ಜನ ತಾವಾಗೇ ಒಪ್ಪಿ ಸೇರಿದ್ದೋರು. ಮಾರನೇ ವರ್ಷ ಬಂದ ಪೇಪರಲ್ಲಿ ಫೇಸ್‌ಬುಕ್ಕಿನೋರೇ 6,89,003 ಜನರ ಫೀಡನ್ನೇ ಒಂದು ವಾರ ತಿದ್ದಿ, ಬೇಜಾರು ಅಂಟತ್ತಾ ಅಂತ ನೋಡಿದ್ರು. ಎಫೆಕ್ಟ್ ಸಿಕ್ಕಿದ್ದು ಸಾಸಿವೆಯಷ್ಟು, ಒಪ್ಪಿಗೆ ಎಲ್ಲಿ ಅಂದ್ರೆ ಅಕೌಂಟ್ ತೆಗೆಯುವಾಗ ಟಿಕ್ ಹಾಕಿದ್ರಲ್ಲ, ಅದೇ. 2018ರಲ್ಲಿ ಕೇಂಬ್ರಿಡ್ಜ್ ಅನಲಿಟಿಕಾ ಅನ್ನೋ ಎಲೆಕ್ಷನ್ ಪ್ರಚಾರದ ಕಂಪನಿಗೆ ಒಂದು ಪರ್ಸನಾಲಿಟಿ ಟೆಸ್ಟ್ ಆ್ಯಪ್ ಮೂಲಕ ಫೇಸ್‌ಬುಕ್ ಡೇಟಾ ಹೋಗಿದೆ ಅಂತ ಗಲಾಟೆ ಆದಾಗ ಫೇಸ್‌ಬುಕ್ಕೇ ಕೊಟ್ಟ ಲೆಕ್ಕದಲ್ಲಿ ಭಾರತದಲ್ಲಿ ಆ ಆ್ಯಪ್ ಹಾಕ್ಕೊಂಡಿದ್ದು 335 ಜನ, ಅವರ ಫ್ರೆಂಡ್ಸ್‌ನೆಲ್ಲ ಸೇರ್ಸಿದ್ರೆ ಡೇಟಾ ಹೋಗಿರಬಹುದಾದೋರು 5.62 ಲಕ್ಷ.

ಅಷ್ಟೊತ್ತಿಗೆ ಇಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜ್ ಕೆ.ಎಸ್. ಪುಟ್ಟಸ್ವಾಮಿ ಹಾಕಿದ್ದ ಕೇಸಲ್ಲೇ ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆಗಿತ್ತು. 2023ರ ಡೇಟಾ ಕಾಯ್ದೆ ಸಂಶೋಧನೆಗೆ ಷರತ್ತಿನ ವಿನಾಯಿತಿ ಕೊಟ್ಟಿದೆ. ಅದೇ ವರ್ಷ ಟ್ವಿಟರ್ ಡೇಟಾ ತಗೊಳ್ಳೋಕೆ ಸಂಶೋಧಕರಿಗಿದ್ದ ಫ್ರೀ ದಾರಿ ಮುಚ್ತು, ಮಾರನೇ ವರ್ಷ ಫೇಸ್‌ಬುಕ್ಕಿನ ಮೆಟಾ ಕಂಪನಿ, ಯಾವ ಪೋಸ್ಟ್ ಎಷ್ಟು ಹರಡ್ತಿದೆ ಅಂತ ನೋಡೋ ಕ್ರೌಡ್‌ಟ್ಯಾಂಗಲ್ ಟೂಲ್ ಮುಚ್ತು. ಹೊರಗಿಂದ ನೋಡೋರಿಗೆ ಬಾಗಿಲು ಬಿತ್ತು, ಒಳಗೆ ಎಣಿಸೋದೇನೂ ನಿಂತಿಲ್ಲ.

ನಮ್ಮ ಆಫೀಸಿನ ಸ್ಲೋ ಕ್ವೆರಿ ಲಾಗಲ್ಲಿ, ಅಂದ್ರೆ ನಿಧಾನ ಆದ ಕ್ವೆರಿಗಳ ಡೈರಿಯಲ್ಲಿ, ಈಗ್ಲೂ ಕಸ್ಟಮರ್ ಫೋನ್ ನಂಬರ್ ಪೂರ್ತಿ ಕಾಣತ್ತೆ. ಮುಚ್ಚಿಬಿಟ್ರೆ ಯಾವ ವ್ಯಾಲ್ಯೂಗೆ ಪ್ಲಾನ್ ಕೆಟ್ಟಿದೆ ಅಂತ ಹುಡುಕೋದು ಕಷ್ಟ ಆಗತ್ತೆ ಅಂತ ಯಾರೂ ಅದಕ್ಕೆ ಕೈ ಹಾಕಿಲ್ಲ, ನಾನೂ ಹಾಕಿಲ್ಲ.