ರೋಮನ್ ಸೈನಿಕನ ಕೈಯಲ್ಲಿ ಪ್ಲೈವುಡ್

ಸಿನಿಮಾದಲ್ಲಿ ಕತ್ತಿ ಗುರಾಣಿಗೆ ತಾಗಿದರೆ 'ಠಣ್' ಅನ್ನಲೇಬೇಕು. ಇಲ್ಲದಿದ್ದರೆ ನಮಗೆ ಸಮಾಧಾನವಿಲ್ಲ, ಅಲ್ವಾ? ಆದರೆ ಇತಿಹಾಸದ ಬಹುಪಾಲು ಗುರಾಣಿಗಳು 'ದಬ್' ಅಂದಿರುತ್ತವೆ. ಅವು ಮರದವು, ತೊಗಲಿನವು, ಬೆತ್ತದವು.

ಸುಮ್ನೆ ಒಂದು ಲೆಕ್ಕ ಹಾಕಿ. 90 ಸೆಂ.ಮೀ. ಅಗಲದ ದುಂಡು ಗುರಾಣಿಯನ್ನು 2 ಮಿ.ಮೀ. ಉಕ್ಕಿನ ತಗಡಿನಲ್ಲಿ ಮಾಡಿದರೆ ಸುಮಾರು 10 ಕಿಲೋ ತೂಗುತ್ತದೆ. ಒಂದು ಕೈಯಲ್ಲಿ ನೀರಿನ ಬಕೆಟ್ ಎತ್ತಿಕೊಂಡು ಇನ್ನೊಂದರಲ್ಲಿ ಕತ್ತಿ ಬೀಸಿದ ಹಾಗೆ! ಅದೇ 8 ಮಿ.ಮೀ. ಪೈನ್ ಹಲಗೆಯಾದರೆ ಎರಡೂವರೆ ಕಿಲೋ ಅಷ್ಟೇ. ನಾರ್ವೆಯಲ್ಲಿ 1880ರಲ್ಲಿ ಅಗೆದು ತೆಗೆದ ಗೋಕ್‌ಸ್ಟಾಡ್ ಹಡಗಿನ ಜೊತೆ ಸಿಕ್ಕ 64 ವೈಕಿಂಗ್ ಗುರಾಣಿಗಳೂ ತೆಳು ಹಲಗೆಯವೇ. ಒಂದು ಹಳದಿ, ಪಕ್ಕದ್ದು ಕಪ್ಪು.

ಆದರೆ ಮರಕ್ಕೊಂದು ಕೆಟ್ಟ ಚಾಳಿ. ಎಳೆಯ ಉದ್ದಕ್ಕೂ ಸೀಳಿಬಿಡುತ್ತದೆ. ಸೌದೆ ಒಡೆದವರಿಗೆ ಗೊತ್ತು: ತುಂಡನ್ನು ನಿಲ್ಲಿಸಿ ಕೊಡಲಿ ಹಾಕಿದರೆ ಒಂದೇ ಏಟಿಗೆ ಎರಡು ಹೋಳು. ಅಡ್ಡ ಮಲಗಿಸಿ ಹೊಡೆದರೆ ಕೊಡಲಿ ಕಚ್ಚಿಕೊಂಡು ನಿಲ್ಲುತ್ತದೆ.

ರೋಮನ್ನರು ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಲು ಇಷ್ಟ. ಸಿರಿಯಾದ ಯೂಫ್ರೆಟಿಸ್ ದಂಡೆಯಲ್ಲಿ ದೂರಾ-ಯುರೋಪಸ್ ಅನ್ನುವ ರೋಮನ್ನರ ಕೋಟೆ ಊರಿತ್ತು. ಕ್ರಿ.ಶ. 256ರ ಸುಮಾರಿಗೆ ಪರ್ಷಿಯಾದ ಸಸಾನಿಯನ್ನರ ಮುತ್ತಿಗೆಗೆ ಬಿತ್ತು. 20ನೇ ಶತಮಾನದಲ್ಲಿ ಅಲ್ಲಿ ಅಗೆದಾಗ ಒಂದು ಮರದ ಸ್ಕೂಟಮ್, ಅಂದರೆ ರೋಮನ್ ಸೈನಿಕರ ಉದ್ದನೆಯ ಗುರಾಣಿ, ಚೂರುಚೂರಾಗಿ ಸಿಕ್ಕಿತು. ಒಂದು ಮೀಟರಿಗಿಂತ ಸ್ವಲ್ಪ ಎತ್ತರ, ದಪ್ಪ ಮಾತ್ರ 5-6 ಮಿ.ಮೀ.! 2 ಮಿ.ಮೀ.ಗಿಂತ ತೆಳ್ಳಗಿನ ಮರದ ಪಟ್ಟಿಗಳು, ಮೂರು ಪದರ, ಒಂದರ ಮೇಲೊಂದು ಅಡ್ಡಡ್ಡವಾಗಿ ಅಂಟಿಸಿದ್ದು. ಮೊದಲ ಪದರದಲ್ಲಿ ಓಡಿಬಂದ ಸೀಳು ಎರಡನೆಯದರಲ್ಲಿ ಅಡ್ಡ ಎಳೆಗೆ ಸಿಕ್ಕಿ ನಿಲ್ಲುತ್ತದೆ. ಓಲೆಗರಿಯನ್ನು ಒಂದೊಂದಾಗಿ ಸೀಳುವುದು ಸುಲಭ, ಹೆಣೆದ ಚಾಪೆಯನ್ನು ಹರಿದು ನೋಡಿ! ನಿಮ್ಮ ಮನೆಯ ಅಲಮಾರಿನ ಪ್ಲೈವುಡ್ಡಿನಲ್ಲೂ ಇದೇ ಜಾಣತನ.

ತೊಗಲಿನಲ್ಲಿ ಈ ಹೆಣಿಗೆ ಹುಟ್ಟಿನಿಂದಲೇ ಇದೆ. ಅದರ ನಾರುಗಳು ಕಂಬಳಿಯ ಉಣ್ಣೆಯ ಹಾಗೆ ಎಲ್ಲ ದಿಕ್ಕಿಗೂ ಸಿಕ್ಕುಹಾಕಿಕೊಂಡಿರುತ್ತವೆ. ನಮ್ಮ ಕಡೆಯ ಢಾಲುಗಳಿಗೆ ಎಮ್ಮೆ, ಖಡ್ಗಮೃಗದ ತೊಗಲು ಬಳಸಿದ್ದು ಅದಕ್ಕೇ. ಉಕ್ಕಿನ ಢಾಲುಗಳೂ ಇದ್ದವು, ಆದರೆ ಅವು ಸಾಮಾನ್ಯವಾಗಿ ಚಿಕ್ಕವು.

ಮ್ಯೂಸಿಯಮ್ಮಿನಲ್ಲಿ ಢಾಲು ಕಂಡರೆ ಮುಂಭಾಗದ ನಾಲ್ಕು ಗುಬುಟುಗಳನ್ನು ಗಮನಿಸಿ. ಬರೀ ಅಲಂಕಾರ ಅಂದುಕೊಂಡು ಮುಂದೆ ಹೋಗುವವರೇ ಜಾಸ್ತಿ. ಹಿಂದುಗಡೆಯ ಹಿಡಿಕೆಗಳನ್ನು ಬಿಗಿದಿರುವ ಮೊಳೆಗಳ ತಲೆ ಅವು. ಆ ಹಿಡಿಕೆಗಳ ಕೆಳಗೆ ಒಂದು ಪುಟ್ಟ ದಿಂಬು ಇರುತ್ತದೆ, ಪೆಟ್ಟು ಬಿದ್ದಾಗ ಬೆರಳ ಗೆಣ್ಣು ಜಜ್ಜಿಹೋಗದಿರಲಿ ಅಂತ.